ಏಳುನೂರರ ಉಬ್ಬು

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಮನೆಯಲ್ಲಿ ಇದನ್ನು ಕಾಯಿಲೆ ಎನ್ನುತ್ತಾರೆ, ಕಾಲೇಜಿನಲ್ಲಿ ಅನುಭವ ಎನ್ನುತ್ತಾರೆ. ನಾನು ಕಾಲೇಜಿನವರ ಮಾತನ್ನೇ ಒಪ್ಪಿಕೊಂಡಿದ್ದೇನೆ. ಪದ್ಮನಾಭನಗರದ ನಮ್ಮ ಮನೆ ಮುಂದೆ ತರಕಾರಿ ಗಾಡಿ ನಿಂತರೆ ಸೊಪ್ಪಿನ ಕಡೆ ನೋಡುವ ಮೊದಲು ತಕ್ಕಡಿಯ ತಳ ನೋಡುತ್ತೇನೆ. ಹಾಲಿನವನು ನಗುನಗುತ್ತಾ ಬಂದ ದಿನ ಹಾಲನ್ನು ಎರಡು ಸಲ ಮೂಸುತ್ತೇನೆ. ಇಪ್ಪತ್ತಾರು ವರ್ಷ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವಳಿಗೆ ಈ ಬುದ್ಧಿ ಬಾರದೆ ಇನ್ನೇನು ಬರಬೇಕು ಹೇಳಿ.

ಬನಶಂಕರಿಯ ಕಡೆಯ ನಮ್ಮ ಕಾಲೇಜಿನಲ್ಲಿ ನನ್ನ ಹೆಸರು ಶ್ರೀದೇವಿ ಎಂದು ಗೊತ್ತಿರುವ ಹುಡುಗರು ಕಡಿಮೆ. ‘ರೆಡ್ ಪೆನ್ ಮೇಡಂ’ ಎಂದರೆ ಎಲ್ಲರಿಗೂ ಗೊತ್ತು. ಪ್ರತಿಯೊಬ್ಬರೂ ಪ್ರಯೋಗ ಮಾಡಬೇಕು, ರೀಡಿಂಗ್ ಬರೆದುಕೊಳ್ಳಬೇಕು, ಗ್ರಾಫ್ ಎಳೆಯಬೇಕು, ಅದನ್ನೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆದು ನನ್ನ ಟೇಬಲ್ಲಿಗೆ ತರಬೇಕು. ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಬೇಕು. ಹತ್ತು ಪ್ರಯೋಗಕ್ಕೆ ಹತ್ತು ಸಹಿ. ಒಂದು ಕಮ್ಮಿಯಾದರೂ ಇಂಟರ್ನಲ್ ಮಾರ್ಕ್ಸ್ ಇಲ್ಲ, ಇಂಟರ್ನಲ್ಸ್ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ, ಒಂದು ವರ್ಷ ನೀರಲ್ಲಿ ಹೋಮ. ಎಚ್‌ಓಡಿ ಬಸವಪ್ರಸಾದ್ ಸಾರ್ ಹತ್ತಿರವೂ ಇಷ್ಟು ಅಧಿಕಾರ ಇಲ್ಲ ಎಂದು ಒಳಗೊಳಗೇ ನನಗೊಂದು ಹೆಮ್ಮೆ ಇತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ.

ಎರಡನೇ ವರ್ಷದವರಿಗೆ ಮೊದಲ ಪ್ರಯೋಗ ಲೋ ಪಾಸ್ ಫಿಲ್ಟರ್. ಫಿಲ್ಟರುಗಳ ಅ ಆ ಇ ಈ ಶುರುವಾಗುವುದೇ ಅಲ್ಲಿಂದ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಸಿಗ್ನಲ್ ನಿಧಾನವಾಗಿ ಏರಿಳಿದರೆ ಅದು ಪೂರ್ತಿ ದಾಟುತ್ತದೆ, ಬೇಗಬೇಗ ಏರಿಳಿದರೆ ಕೆಪಾಸಿಟರ್ ಅದನ್ನು ನುಂಗಿಹಾಕುತ್ತದೆ. ಜರಡಿ ಇದ್ದಂತೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ಹುಡುಗರು ಪ್ರತಿ ವರ್ಷ ಬರೆದುಕೊಳ್ಳುತ್ತಾರೆ. ನಮ್ಮ ಸರ್ಕ್ಯೂಟಿಗೆ ಸಾವಿರ ಹರ್ಟ್ಜ್ ಗಡಿ. ಅದನ್ನು ಕಟ್‌ಆಫ್ ಎನ್ನುತ್ತೇವೆ. ಸಿಗ್ನಲ್ ಹುಟ್ಟಿಸುವ ಜನರೇಟರಿನಲ್ಲಿ ಎರಡು ವೋಲ್ಟ್ ಇಟ್ಟು, ಫ್ರೀಕ್ವೆನ್ಸಿಯನ್ನು ನೂರರಿಂದ ಮೇಲೇರಿಸುತ್ತಾ ಹೋದರೆ, ಆಚೆ ಬರುವ ವೋಲ್ಟೇಜು ಇಳಿಯುತ್ತಾ ಬಂದು ಸಾವಿರಕ್ಕೆ ಸರಿಯಾಗಿ ಒಂದು ಪಾಯಿಂಟ್ ನಾಲ್ಕು ಒಂದು ಆಗಬೇಕು. ಗ್ರಾಫ್ ಜಾರುಬಂಡೆಯಂತೆ ಇಳಿಯಬೇಕು, ಎಲ್ಲಿಯೂ ಮೇಲೇರಬಾರದು.

ಆದರೆ ನಮ್ಮ ಲ್ಯಾಬಿನ ಗ್ರಾಫಿನಲ್ಲಿ ಒಂದು ಜಾಗದಲ್ಲಿ ಮೇಲೇರುತ್ತದೆ. ಏಳುನೂರು ಹರ್ಟ್ಜ್ ಹತ್ತಿರ ಒಂದು ಸಣ್ಣ ಉಬ್ಬು. ಆರುನೂರರಲ್ಲಿ 1.71 ಇದ್ದದ್ದು ಏಳುನೂರರಲ್ಲಿ 1.72 ಆಗಿ, ಎಂಟುನೂರರಲ್ಲಿ ಧೊಪ್ಪೆಂದು 1.56ಕ್ಕೆ ಇಳಿಯುತ್ತದೆ. ನಮ್ಮ ಜನರೇಟರುಗಳಿಗೆ ಅದೊಂದು ಹುಟ್ಟುಗುಣ. “ಏಳುನೂರರ ಹತ್ರ ಒಂದು ಉಬ್ಬು ಬರುತ್ತೆ, ಗಾಬರಿ ಆಗ್ಬೇಡಿ, ನಮ್ಮ ಜನರೇಟರ್ ಹಾಗೇ” ಎಂದು ಪ್ರತಿ ಬ್ಯಾಚಿಗೂ ನಾನೇ ಮೊದಲೇ ಹೇಳಿಬಿಡುತ್ತೇನೆ. ಮೇಲಾಗಿ ಆ ಉಬ್ಬು ನನಗೊಂದು ಗುಪ್ತ ಕಾವಲುಗಾರ. ಫೋನಿನ ಆ್ಯಪಿನಲ್ಲಿ ಸರ್ಕ್ಯೂಟ್ ಬರೆದು ರೀಡಿಂಗ್ ಕದಿಯುವ ಕಳ್ಳರಿಗೆ ಆ ಉಬ್ಬು ಸಿಗುವುದಿಲ್ಲ. ಉಬ್ಬು ಇದ್ದರೆ ಪ್ರಯೋಗ ಮಾಡಿದ್ದಾರೆ, ಇಲ್ಲದಿದ್ದರೆ ಇಲ್ಲ. ಹಾಗೆ ನಾನು ಏಳೆಂಟು ಜನರನ್ನು ಹಿಡಿದಿದ್ದೇನೆ.

ಆ ಸೋಮವಾರ ಅಂಜನಾಳನ್ನು ಹಿಡಿದೆ.

ಹುಡುಗಿಯ ಮೇಲೆ ನನಗೆ ಮೊದಲಿನಿಂದಲೂ ಕಣ್ಣಿತ್ತು. ವಿಲ್ಸನ್ ಗಾರ್ಡನ್ನಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು, ಆದರೂ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಅಷ್ಟು ಬೇಗ ಬರುವವರಿಗೆ ಏನೋ ಕೆಲಸ ಇರಲೇಬೇಕಲ್ಲ? ಊಟದ ಹೊತ್ತಿನಲ್ಲಿ ಉಳಿದವರೆಲ್ಲ ಕ್ಯಾಂಟೀನಿಗೆ ಓಡಿದರೆ ಇವಳು ಲ್ಯಾಬಿನಲ್ಲೇ ಉಳಿಯುತ್ತಿದ್ದಳು. ಅಟೆಂಡರ್ ಮರೆಪ್ಪನಿಗೆ ಏನು ಮಾತಿನ ಮೋಡಿ ಹಾಕಿದ್ದಳೋ, ಅವನು ಬೀಗ ಹಾಕದೆ ಕಾಯುತ್ತಾ ಕೂರುತ್ತಿದ್ದ. ಒಮ್ಮೆ ಜನರೇಟರಿನ ಹಿಂಭಾಗಕ್ಕೆ ಫೋನ್ ಹಿಡಿದು ಫೋಟೋ ತೆಗೆಯುತ್ತಿದ್ದದ್ದನ್ನೂ ಕಂಡೆ. ಅವತ್ತು ಸಂಜೆ ಕೆಪಾಸಿಟರ್ ಡಬ್ಬಿಗಳನ್ನೆಲ್ಲ ಎಣಿಸಿದೆ. ಒಂದೂ ಕಮ್ಮಿಯಿರಲಿಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಬಲವಾಯಿತು.

ಅವಳ ರೆಕಾರ್ಡ್ ತೆರೆದರೆ ಗ್ರಾಫ್ ನುಣ್ಣಗೆ ಇಳಿದಿತ್ತು. ಏಳುನೂರರ ಹತ್ತಿರ ಉಬ್ಬಿಲ್ಲ. ಸಾಲದ್ದಕ್ಕೆ ಸಾವಿರದಲ್ಲಿ 1.17 ಎಂದು ಬರೆದಿದ್ದಳು.

“ಏನಮ್ಮಾ ಇದು?”

“ಲೋ ಪಾಸ್ ಫಿಲ್ಟರ್ ಮೇಡಂ.”

“ಅದು ನನಗೂ ಗೊತ್ತು. ಕಟ್‌ಆಫ್ ಏಳುನೂರ ಇಪ್ಪತ್ತು ಅಂತ ಬರೆದಿದ್ದೀಯಲ್ಲ, ಎಲ್ಲಿಂದ ತಂದೆ?”

“ಬಂದಿದ್ದೇ ಅಷ್ಟು ಮೇಡಂ.”

“ಇಡೀ ಕ್ಲಾಸಿಗೆ ಸಾವಿರ ಬಂದಿದೆ. ನಿನ್ನ ಜೊತೆ ಅದೇ ಬೆಂಚಲ್ಲಿ ಮಾಡಿದ ಭಾರ್ಗವನಿಗೂ ಸಾವಿರ ಬಂದಿದೆ. ಒಂದೇ ಬೆಂಚು, ಒಂದೇ ಸರ್ಕ್ಯೂಟು. ನಿನಗೊಬ್ಬಳಿಗೆ ಬೇರೆ ಬಂತಾ? ಉಬ್ಬೆಲ್ಲಿ?”

“ಉಬ್ಬು ಬರಲಿಲ್ಲ ಮೇಡಂ.” ಸ್ವಲ್ಪ ತಡೆದು, “ಈ ಸರ್ಕ್ಯೂಟಲ್ಲಿ ಅದು ಬರೋಕೆ ಆಗಲ್ಲ ಅಲ್ವಾ?” ಎಂದಳು.

“ನನಗೇ ಪಾಠ ಹೇಳ್ಕೊಡ್ತೀಯಾ?”

“ಹಂಗಲ್ಲ ಮೇಡಂ. ಜನರೇಟರ್ ಒಳಗೂ ಒಂದು ರೆಸಿಸ್ಟೆನ್ಸ್ ಇರುತ್ತಲ್ಲ, ಅದನ್ನೂ ಸೇರಿಸಿ ಲೆಕ್ಕ ಹಾಕಿದ್ರೆ…”

“ಸಾಕು. ಕತೆ ಕಟ್ಟಬೇಡ.”

ಭಾರ್ಗವನ ರೆಕಾರ್ಡಿಗೆ ಸಹಿ ಹಾಕಿದೆ. ಅವನದು ಮುತ್ತಿನಂಥ ಅಕ್ಷರ, 1.72ರಲ್ಲಿ ಮುದ್ದಾದ ಉಬ್ಬು. ಅಂಜನಾಳದನ್ನು ಹಾಗೇ ಮುಚ್ಚಿ ನನ್ನ ಡ್ರಾಯರಿಗೆ ಹಾಕಿದೆ. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ನನ್ನ ಸಿಟ್ಟು ಸುಮ್ಮನಿರುವ ಜಾತಿಯದಲ್ಲ. ‘ಈಕೆ ಪ್ರಯೋಗ ಮಾಡದೆ ಆ್ಯಪಿನಿಂದ ರೀಡಿಂಗ್ ಬರೆದಿರುತ್ತಾಳೆ, ಕೇಳಿದರೆ ಎದುರುತ್ತರ ಕೊಡುತ್ತಾಳೆ’ ಎಂದು ಒಂದು ಪುಟ ಬರೆದು ಬಸವಪ್ರಸಾದ್ ಸಾರ್ ಟೇಬಲ್ ಮೇಲಿಟ್ಟೆ.

ಅವರು ಓದಿ ತಲೆ ಕೆರೆದುಕೊಂಡರು. “ಇದು ಪ್ರೂವ್ ಆದ್ರೆ ಲ್ಯಾಬ್ ಇಂಟರ್ನಲ್ಸ್ ಸೊನ್ನೆ ಆಗುತ್ತೆ ಮೇಡಂ. ಹುಡುಗಿಗೆ ಒಂದು ವರ್ಷ ಹೋಗುತ್ತೆ. ನಿಮಗೆ ಗ್ಯಾರಂಟಿನಾ?”

“ಉಬ್ಬಿಲ್ಲ ಸಾರ್,” ಎಂದೆ, ಅದಕ್ಕಿಂತ ಸಾಕ್ಷಿ ಬೇಕೇ ಎಂಬಂತೆ.

“ಸರಿ. ಶುಕ್ರವಾರ ಕರೆಸಿ ಕೇಳೋಣ. ಅಷ್ಟರೊಳಗೆ ನಿಮ್ಮ ಮುಂದೆ ಒಂದ್ಸಲ ಮಾಡಿಸಿಬಿಡಿ.”

ಬುಧವಾರ ಮಧ್ಯಾಹ್ನ ಮಾಡಿಸಿದೆ. ಲ್ಯಾಬಿನಲ್ಲಿ ನಾನು, ಅಂಜನಾ, ಬಾಗಿಲ ಬಳಿ ಸ್ಟೂಲಿನ ಮೇಲೆ ಮರೆಪ್ಪ. ನಾನು ಕೈಕಟ್ಟಿ ಅವಳ ಹೆಗಲಿನ ಹಿಂದೆಯೇ ನಿಂತೆ. ಫೋನನ್ನು ನನ್ನ ಟೇಬಲ್ ಮೇಲಿಡಿಸಿದ್ದೆ. ಹುಡುಗಿಯ ಕೈ ಸ್ವಲ್ಪ ನಡುಗುತ್ತಿತ್ತು. ತಪ್ಪು ಮಾಡಿದವರಿಗೆ ನಡುಗುತ್ತದೆ ಎಂದುಕೊಂಡೆ. ಹಿಂದೆ ನಾನು ನಿಂತರೆ ಯಾರಿಗಾದರೂ ನಡುಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಸರ್ಕ್ಯೂಟ್ ಜೋಡಿಸಿದಳು. ಎರಡು ವೋಲ್ಟ್ ಇಟ್ಟಳು. ಫ್ರೀಕ್ವೆನ್ಸಿ ಏರಿಸುತ್ತಾ ಹೋದಳು. ಏಳುನೂರು ಬಂತು, ಉಬ್ಬು ಬರಲಿಲ್ಲ. ಸಾವಿರ ಬಂತು, ವೋಲ್ಟೇಜು ತೋರಿಸುವ ಸಿಆರ್‌ಓ ಪರದೆಯ ಮೇಲೆ 1.17.

“ಕೆಪಾಸಿಟರ್ ನೀನು ತಂದಿದ್ದಾ?”

“ಇಲ್ಲ ಮೇಡಂ, ಡಬ್ಬಿಯಿಂದ ನೀವೇ ಕೊಟ್ರಿ.”

ಕೊಟ್ಟದ್ದು ನಾನೇ. ಆದರೂ ಕಿತ್ತು ಬೇರೆ ಹಾಕಿದೆ. 1.17. ರೆಸಿಸ್ಟರ್ ಅಳೆದು ನೋಡಿದೆ, ಸರಿಯಾಗಿತ್ತು. “ಈ ಬೆಂಚೇ ಸರಿಯಿಲ್ಲ, ಅಲ್ಲಿಗೆ ಬಾ,” ಎಂದು ಎರಡನೇ ಬೆಂಚಿಗೆ ಎಳೆದುಕೊಂಡು ಹೋದೆ. ಅಲ್ಲಿಯೂ 1.17. ಆರನೇ ಬೆಂಚಿನಲ್ಲಿ 1.16. ಎಂಟರಲ್ಲಿ ಮತ್ತೆ 1.17. ಒಂದರಲ್ಲಾದರೂ ಏಳುನೂರರಲ್ಲಿ ಉಬ್ಬು ಬರಲಿ ಎಂದು ನನ್ನ ಮನೆದೇವರಿಗೆ ಕೈಮುಗಿದೆ. ಬರಲಿಲ್ಲ. ಬೆಂಚಿನಿಂದ ಬೆಂಚಿಗೆ ಅಲೆಯುವಾಗ ನನ್ನ ಅನುಮಾನವೂ ಜೊತೆಗೇ ಅಲೆಯಿತು. ಈ ಹುಡುಗಿ ಎಲ್ಲ ಜನರೇಟರುಗಳಿಗೂ ಏನೋ ಮಾಡಿಟ್ಟಿದ್ದಾಳೆ. ಇಲ್ಲ, ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಮರೆಪ್ಪ ಸೇರಿದ್ದಾನೆ.

“ಮರೆಪ್ಪ, ಈ ಜನರೇಟರ್‌ಗಳನ್ನ ಯಾರು ಬಿಚ್ಚಿದ್ರು?”

ಮರೆಪ್ಪ ಸ್ಟೂಲಿನಿಂದ ಎದ್ದ. ನನಗಿಂತ ಎರಡು ವರ್ಷ ದೊಡ್ಡವನು, ನನ್ನ ಎಲ್ಲ ಸಿಟ್ಟುಗಳನ್ನೂ ನೋಡಿದವನು. “ಯಾರು ಬಿಚ್ತಾರೆ ಮೇಡಂ? ಬಂದು ಹನ್ನೊಂದು ವರ್ಷ ಆಯ್ತು, ಸ್ಕ್ರೂ ಮುಟ್ಟಿಲ್ಲ ಯಾರೂ. ನೋಡಿ, ಧೂಳು ಹಂಗೇ ಐತೆ.”

ಬಗ್ಗಿ ನೋಡಿದೆ. ಧೂಳು ಹಾಗೇ ಇತ್ತು. ಮೇಲೇಳುವಾಗ ಜನರೇಟರಿನ ಔಟ್‌ಪುಟ್ ತೂತಿನ ಪಕ್ಕದ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಆರುನೂರು ಓಂ. ಹನ್ನೊಂದು ವರ್ಷದಿಂದ ಅಲ್ಲೇ ಇತ್ತು ಅದು. ಜನರೇಟರಿನ ಹೊಟ್ಟೆಯೊಳಗೇ ಆರುನೂರು ಓಂ ರೆಸಿಸ್ಟೆನ್ಸ್ ಇದೆ ಎಂದು ಅರ್ಥ. ಮಹಡಿಯ ಟ್ಯಾಂಕಿನಲ್ಲಿ ಎಷ್ಟು ನೀರಿದ್ದರೂ ಗೋಡೆಯೊಳಗಿನ ಪೈಪು ಸಣ್ಣದಿದ್ದರೆ ನಲ್ಲಿ ತಿರುಗಿಸಿದಾಗ ನೀರು ಸಣ್ಣಗೇ ಬರುತ್ತದಲ್ಲ, ಹಾಗೆ. ನಮ್ಮ ರೆಸಿಸ್ಟರಿನ ಸಾವಿರದ ಆರುನೂರು ಓಂ ಜೊತೆ ಆ ಆರುನೂರೂ ಸೇರಿದರೆ ಎರಡು ಸಾವಿರದ ಇನ್ನೂರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಟ್‌ಆಫ್ ಏಳುನೂರ ಇಪ್ಪತ್ಮೂರಕ್ಕೆ ಬಂದು ನಿಂತಿತು. ಮೊದಲಿದ್ದ ಹಳೇ ಜನರೇಟರುಗಳಲ್ಲಿ ಬರೀ ಐವತ್ತು ಓಂ ಇತ್ತು, ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಇವು ಬಂದಾಗ ನಾವು ಡಬ್ಬಿ ಬದಲಾಯಿಸಿದೆವು, ಲೆಕ್ಕ ಬದಲಾಯಿಸಲಿಲ್ಲ. ಹುಡುಗಿ ಸೋಮವಾರವೇ ಹೇಳಿದ್ದಳು. ಕತೆ ಕಟ್ಟಬೇಡ ಎಂದಿದ್ದೆ.

ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು, ನಾನು ಹೇಳಲಿಲ್ಲ. ಮರೆಪ್ಪನ ಎದುರಿಗೆ, ಹತ್ತೊಂಬತ್ತು ವರ್ಷದ ಹುಡುಗಿಯ ಎದುರಿಗೆ, ಬಾಯಿ ಬರಲಿಲ್ಲ.

“ಮೇಡಂ, ಸೈನ್?” ಎಂದಳು ಮೆಲ್ಲಗೆ.

“ನೋಡೋಣ. ಶುಕ್ರವಾರ ಬಾ.”

“ಇದೇ ರೀಡಿಂಗ್ ಇರ್ಲಾ ಮೇಡಂ?”

“ಶುಕ್ರವಾರ ಬಾ ಅಂದೆನಲ್ಲ!” ಎಂದು ಗದರಿ, ಡ್ರಾಯರಿನಿಂದ ಅವಳ ರೆಕಾರ್ಡ್ ತೆಗೆದು ಕೈಗೆ ಹಾಕಿ ಕಳಿಸಿದೆ.

ಅವಳು ಹೋದ ಮೇಲೆ ಬೇರೆಯದೇ ಯೋಚನೆ ಹತ್ತಿತು. ಈ ಜನರೇಟರಿನಲ್ಲಿ ಉಬ್ಬು ಬರುವುದೇ ಇಲ್ಲ ಎಂದಾದರೆ ಉಳಿದವರಿಗೆಲ್ಲ ಎಲ್ಲಿಂದ ಬಂತು?

ಗುರುವಾರ ಬೆಳಿಗ್ಗೆ ಮರೆಪ್ಪನ ಕೈಲಿ ಕಬ್ಬಿಣದ ಬೀರು ತೆಗೆಸಿದೆ. ಕಾಲೇಜಿನ ತಪಾಸಣೆಗೆ ಬರುವ ಕಮಿಟಿಯವರಿಗೆ ತೋರಿಸಲೆಂದು ಹಳೇ ರೆಕಾರ್ಡುಗಳನ್ನು ಅಲ್ಲಿ ಕಟ್ಟು ಕಟ್ಟಿ ಇಟ್ಟಿರುತ್ತೇವೆ. ಕಳೆದ ವರ್ಷದ್ದು ತೆರೆದೆ, ಏಳುನೂರರಲ್ಲಿ 1.72. ಅದರ ಹಿಂದಿನದು, 1.72. ಮರೆಪ್ಪ ಧೂಳಿಗೆ ಸೀನುತ್ತಾ ತೆಗೆದು ಕೊಡುತ್ತಾ ಹೋದ, ನಾನು ನೋಡುತ್ತಾ ಹೋದೆ. ನಲವತ್ತು ಪುಸ್ತಕ ನೋಡಿದ ಮೇಲೆ ನಿಲ್ಲಿಸಿದೆ. ನಲವತ್ತು ಹುಡುಗರು, ಐದು ವರ್ಷ, ಎಂಟು ಬೆಂಚು, ಆದರೂ ಒಂದೇ ಅಂಕಿ. ನಿಜವಾಗಿ ಅಳೆದಿದ್ದರೆ ಒಬ್ಬನಿಗೆ 1.70, ಇನ್ನೊಬ್ಬನಿಗೆ 1.73 ಬರಬೇಕಿತ್ತು. ಎಂಟು ಜನರೇಟರಿಗೂ ಒಂದೇ ಜಾಗದಲ್ಲಿ ಒಂದೇ ಕಾಯಿಲೆ ಬರುವುದುಂಟೇ? ಇಷ್ಟು ಸಾದಾ ಪ್ರಶ್ನೆ, ಅನುಮಾನದ ಪಿಶಾಚಿ ಎನಿಸಿಕೊಂಡ ನನಗೆ ಹನ್ನೊಂದು ವರ್ಷ ಹುಟ್ಟಿರಲಿಲ್ಲ. ಪ್ರತಿ ಪುಟದ ಕೆಳಗೂ ನನ್ನ ಕೆಂಪು ಸಹಿ ಕುಣಿಯುತ್ತಿತ್ತು.

ಕಳ್ಳರು! ಒಬ್ಬರಲ್ಲ, ಎಲ್ಲರೂ! ನನ್ನ ಕಣ್ಣಿಗೇ ಮಣ್ಣೆರಚಿದ್ದಾರೆ! ಮೊದಲು ಕೈಗೆ ಸಿಕ್ಕವನು ಭಾರ್ಗವ. ಕಾರಿಡಾರಿನಿಂದಲೇ ಕರೆದು ಅವನ ಪುಸ್ತಕ ಮುಂದೆ ಹಿಡಿದೆ.

“ಈ 1.72 ಎಲ್ಲಿಂದ ಬಂತು? ನಿಜ ಹೇಳು, ಬಿಡ್ತೀನಿ.”

ಅವನು ಅತ್ತಿತ್ತ ನೋಡಿದ. “ಗ್ರೂಪಲ್ಲಿ ಪಿಡಿಎಫ್ ಇದೆ ಮೇಡಂ. ಸೀನಿಯರ್ಸ್ ಕೊಟ್ಟಿದ್ದು. ಎಲ್ರೂ ಅದನ್ನೇ ಬರೀತೀವಿ.”

“ಪ್ರಯೋಗ ಮಾಡ್ತಾ ಇದ್ರಲ್ಲ! ನಾನೇ ನೋಡಿದ್ದೀನಿ!”

“ಮಾಡ್ತೀವಿ ಮೇಡಂ. ನೀವು ರೌಂಡ್ಸ್ ಬಂದು ‘ಔಟ್‌ಪುಟ್ ಬಂತಾ’ ಅಂತೀರ, ‘ಬಂತು’ ಅಂತೀವಿ. ಬಂದೂ ಇರುತ್ತೆ. ಆದ್ರೆ ಅದು ಪಿಡಿಎಫ್‌ಗೆ ಮ್ಯಾಚ್ ಆಗಲ್ಲ.” ಅವನ ದನಿ ಇಳಿಯಿತು. “ಬಂದಿದ್ದನ್ನ ಬರೆದ್ರೆ ನೀವು ಸೈನ್ ಮಾಡಲ್ವಲ್ಲ ಮೇಡಂ. ಅಂಜನಾಗೂ ಹೇಳ್ದೆ. ಅವಳು ಕೇಳ್ಲಿಲ್ಲ.”

ಕೆನ್ನೆಗೆ ಬಾರಿಸಿದಂತಾಯಿತು. ಆದರೂ ನನ್ನ ಮನಸ್ಸು ಇನ್ನೊಬ್ಬ ಕಳ್ಳನನ್ನು ಹುಡುಕಲು ಓಡಿತು. ಎಲ್ಲರೂ ಒಬ್ಬನಿಂದ ನಕಲು ಮಾಡಿದ್ದಾರೆ ಎಂದಮೇಲೆ ಆ ಮೊದಲನೆಯವನು ಯಾರು? ಅವನು ಸಿಕ್ಕರೆ ಎಲ್ಲ ಪಾಪವೂ ಅವನ ತಲೆಗೆ.

“ಸೀನಿಯರ್ಸ್‌ಗೆ ಯಾರು ಕೊಟ್ಟಿದ್ದು?”

“ಗೇಟ್ ಎದುರು ಶಿವಕಿರಣ್ ಜೆರಾಕ್ಸ್ ಅಲ್ಲಿ ಸಿಗುತ್ತೆ ಮೇಡಂ. ಸ್ಪೈರಲ್ ಬೈಂಡಿಂಗ್ ಸಮೇತ.”

ಶಿವಕಿರಣನ ಅಂಗಡಿಯನ್ನು ನಾನು ದಿನಾ ದಾಟುತ್ತೇನೆ. ಎರಡು ಮಷೀನು, ಒಂದು ಲ್ಯಾಮಿನೇಷನ್ ಪೆಟ್ಟಿಗೆ, ಮುಂದೆ ಹಾಲ್ ಟಿಕೆಟ್ ಪ್ರಿಂಟಿಗೆ ನಿಂತ ಹುಡುಗರು. ನನ್ನನ್ನು ಕಂಡು ಹುಡುಗರು ಚದುರಿದರು. ಶಿವಕಿರಣ್ ಮಾತ್ರ ಹಲ್ಲು ಬಿಟ್ಟು ನಕ್ಕ. ನಗುವವರನ್ನು ನಾನು ನಂಬುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ.

“ಎರಡನೇ ವರ್ಷದ ಲ್ಯಾಬ್ ರೆಕಾರ್ಡ್ ಮಾರ್ತೀರಂತೆ?”

“ಹೂಂ ಮೇಡಂ. ಸಖತ್ ಓಡುತ್ತೆ.”

“ಅಂದ್ರೆ ಕಳ್ಳತನಕ್ಕೆ ಅಂಗಡಿನೇ ಇಟ್ಕೊಂಡಿದ್ದೀರ. ಯಾವ ಹುಡುಗ ತಂದುಕೊಟ್ಟಿದ್ದು ಒರಿಜಿನಲ್‌ನ? ಹೆಸರು ಬೇಕು ನನಗೆ.”

ಅವನ ನಗು ಹಾಗೇ ನಿಂತುಬಿಟ್ಟಿತು. ಬಗ್ಗಿ ಕೌಂಟರಿನ ಕೆಳಗಿನಿಂದ ಮೂಲೆ ಮಡಚಿದ ಒಂದು ಸ್ಪೈರಲ್ ಪುಸ್ತಕ ತೆಗೆದು ಗಾಜಿನ ಮೇಲಿಟ್ಟ. “ಹುಡುಗರು ಯಾರೂ ಅಲ್ಲ ಮೇಡಂ. ನೀವೇ ಅಲ್ವಾ ಕೊಟ್ಟಿದ್ದು? ಕಮಿಟಿ ಬರುತ್ತೆ, ಅರ್ಜೆಂಟಾಗಿ ಐದು ಕಾಪಿ ಬೇಕು ಅಂತ ಬಂದಿದ್ರಿ. ಅವಾಗ ಅಪ್ಪ ಕೂತಿದ್ರು ಅಂಗಡೀಲಿ. ಆರನೇದು ಒಂದು ಇಟ್ಕೊಂಡ್ರು.”

ಪುಸ್ತಕ ತೆರೆದೆ. ಅಕ್ಷರ ನನ್ನದು. ಮೊದಲ ಪುಟದಲ್ಲಿ ದಪ್ಪಗೆ ‘ಮಾದರಿ ರೆಕಾರ್ಡ್’ ಎಂದು ಬರೆದವಳೂ ನಾನೇ. ಲೋ ಪಾಸ್ ಫಿಲ್ಟರ್ ಮೂರನೇ ಪುಟದಲ್ಲಿತ್ತು. ಆರುನೂರು, 1.71. ಏಳುನೂರು, 1.72.

ಆಗ ನೆನಪಾಯಿತು. ಆ ವಾರ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಹೊಸ ಜನರೇಟರುಗಳು ಇನ್ನೂ ಥರ್ಮೋಕೋಲ್ ಸಮೇತ ಡಬ್ಬಿಯಲ್ಲಿದ್ದವು, ಹಳೆಯವನ್ನು ಗುಜರಿಗೆ ಹಾಕಿಯಾಗಿತ್ತು. ಆ ಮಧ್ಯಾಹ್ನ ಕರೆಂಟೂ ಇರಲಿಲ್ಲ. ಮಾರನೇ ದಿನ ಕಮಿಟಿ. ಕಿಟಕಿ ಪಕ್ಕ ಕುಳಿತು ಕ್ಯಾಲ್ಕುಲೇಟರ್ ಒತ್ತುತ್ತಾ ಲೆಕ್ಕದ ಉತ್ತರಗಳನ್ನೇ ರೀಡಿಂಗ್ ಎಂದು ಬರೆದೆ. ಬರೆದು ಮುಗಿಸಿ ಗ್ರಾಫ್ ಎಳೆದರೆ ತುಂಬಾ ನುಣ್ಣಗಿತ್ತು. ಕಮಿಟಿಯಲ್ಲಿ ನನ್ನಂಥವಳೊಬ್ಬಳು ಇದ್ದರೆ? ಇಷ್ಟು ಚಂದ ಯಾರಿಗೂ ಬರುವುದಿಲ್ಲ, ಇದು ಅಳೆದದ್ದಲ್ಲ ಎಂದು ಹಿಡಿದುಬಿಡುತ್ತಾಳಲ್ಲ? ಅದಕ್ಕೆ ರಬ್ಬರ್ ತೆಗೆದುಕೊಂಡು ಏಳುನೂರರ ಮುಂದಿನ 1.64 ಅಳಿಸಿ 1.72 ಎಂದು ಬರೆದೆ. ನಿಜದಂತೆ ಕಾಣಲಿ ಎಂದು. ಕಮಿಟಿಯಲ್ಲೊಬ್ಬರು ಆ ಉಬ್ಬಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ್ದರು. “ನಮ್ಮ ಜನರೇಟರ್ ಹಾಗೇ ಸಾರ್,” ಎಂದು ಅವರಿಗೆ ಹೇಳಿದ ಮಾತನ್ನೇ ಮುಂದೆ ಹುಡುಗರಿಗೆ ಹೇಳಿದೆ. ಹೇಳಿ ಹೇಳಿ ನಾನೇ ನಂಬಿದೆ. ಅಲ್ಲಿಂದೀಚೆಗೆ ಒಂದು ದಿನವೂ ನಾನಾಗಿ ಕುಳಿತು ಆ ಸರ್ಕ್ಯೂಟನ್ನು ಅಳೆದಿರಲಿಲ್ಲ. ಹಿಂದೆ ಹಿಡಿದ ಆ ಏಳೆಂಟು ಜನ ನೆನಪಾದರು. ಅವರಲ್ಲಿ ಎಷ್ಟು ಜನ ಬಂದಿದ್ದನ್ನೇ ಬರೆದಿದ್ದರೋ! ಅವರ ಹೆಸರುಗಳೂ ನನಗೆ ನೆನಪಿಲ್ಲ.

“ಮೇಡಂ, ಏನಾದ್ರೂ ತೊಂದ್ರೆ ಆಯ್ತಾ?” ಎಂದ ಶಿವಕಿರಣ್.

“ಇದು ನನಗೆ ಬೇಕು,” ಎಂದು ಪುಸ್ತಕ ಎತ್ತಿಕೊಂಡೆ.

ಶುಕ್ರವಾರ ಎಲ್ಲರಿಗಿಂತ ಮೊದಲು ಬಸವಪ್ರಸಾದ್ ಸಾರ್ ಕೋಣೆಯಲ್ಲಿ ಕುಳಿತಿದ್ದೆ. ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ತಪ್ಪು ನನ್ನದು, ಮಾದರಿ ರೆಕಾರ್ಡಿನ ಅಂಕಿಗಳನ್ನು ಹುಟ್ಟಿಸಿದವಳು ನಾನು ಎಂದು ಬರೆದು ತಂದಿದ್ದೆ. ಅವರು ಓದುತ್ತಾ ಓದುತ್ತಾ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ವಾಪಸ್ ತಗೋತೀನಿ ಅಂತ ಒಂದು ಸಾಲು ಸಾಕಿತ್ತು ಮೇಡಂ. ಉಳಿದಿದ್ದೆಲ್ಲ ಯಾಕೆ? ಮಾರ್ಚಲ್ಲಿ ಮತ್ತೆ ಕಮಿಟಿ ಬರುತ್ತೆ.”

“ಇರ್ಲಿ ಸಾರ್. ಪೂರ್ತಿ ಇರ್ಲಿ.”

ಅವರು ಕಾಗದವನ್ನು ಮಗುಚಿ ಪೇಪರ್‌ವೇಯ್ಟ್ ಕೆಳಗಿಟ್ಟರು. “ಹುಡುಗಿ ಪಾರಾದಳಲ್ಲ, ಬಿಡಿ. ಹೋಗಿ ಸೈನ್ ಮಾಡಿಕೊಡಿ,” ಎಂದರು.

ಲ್ಯಾಬಿಗೆ ಬರುವಾಗ ನನ್ನ ಎದೆ ಸ್ವಲ್ಪ ಹಗುರಾಗಿತ್ತು ಎಂದರೆ ಸುಳ್ಳಲ್ಲ. ಅವಳಿಗೆ ಹೇಗೆ ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಮೆಟ್ಟಿಲ ಮೇಲೆಲ್ಲ ಜೋಡಿಸಿಕೊಂಡು ಬಂದೆ. ಅಂಜನಾ ನನ್ನ ಟೇಬಲ್ಲಿನ ಮುಂದೆ ನಿಂತಿದ್ದಳು. ಕೈಯಲ್ಲಿ ಹೊಸ ರೆಕಾರ್ಡ್ ಪುಸ್ತಕ, ಹೊಸ ಬ್ರೌನ್ ಪೇಪರ್ ಹೊದಿಕೆ.

“ಸಾರಿ ಮೇಡಂ. ಎಕ್ಸ್‌ಪೆರಿಮೆಂಟ್ ಮತ್ತೆ ಮಾಡ್ದೆ. ಈಗ ಸರಿ ಬಂದಿದೆ.”

ತೆರೆದೆ. ಸಾವಿರದಲ್ಲಿ 1.41. ಏಳುನೂರರಲ್ಲಿ 1.72. ಗ್ರಾಫಿನ ಮೇಲೆ ಉಬ್ಬನ್ನು ಎಷ್ಟು ಜಾಗ್ರತೆಯಿಂದ ಎಳೆದಿದ್ದಳೆಂದರೆ ನನ್ನ ಮಾದರಿಯಲ್ಲೇ ಅಷ್ಟು ಚೆನ್ನಾಗಿರಲಿಲ್ಲ.

“ಯಾವಾಗ ಮಾಡ್ದೆ?”

“ನಿನ್ನೆ ಲಂಚ್ ಟೈಮಲ್ಲಿ ಮೇಡಂ.”

ನಿನ್ನೆ ಊಟದ ಹೊತ್ತಿನಲ್ಲಿ ನಾನು ಶಿವಕಿರಣನ ಅಂಗಡಿಯಲ್ಲಿದ್ದೆ, ಲ್ಯಾಬಿಗೆ ನಾನೇ ಬೀಗ ಹಾಕಿದ್ದೆ, ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಸುಲಭವಾಗಿ ಯಾರೂ ನನಗೆ ಸಿಕ್ಕಿಬಿದ್ದಿರಲಿಲ್ಲ.

“ಉಬ್ಬು ಬಂತಾ?”

“ಬಂತು ಮೇಡಂ. ಏಳುನೂರರ ಹತ್ರ. ನೀವು ಹೇಳ್ದಂಗೇ.”

ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಸೋಮವಾರ ನಿಜ ಹೇಳುವಾಗ ತಡವರಿಸಿದ್ದ ಹುಡುಗಿ, ಬುಧವಾರ ಕೈ ನಡುಗುತ್ತಿದ್ದ ಹುಡುಗಿ, ಈಗ ಸ್ವಲ್ಪವೂ ಅಲುಗಲಿಲ್ಲ. ನನಗೆ ಅಳು ಬಂತು. ಲ್ಯಾಬಿನಲ್ಲಿ ನಾನು ಯಾವತ್ತೂ ಅತ್ತವಳಲ್ಲ, ಅವತ್ತೂ ಅಳಲಿಲ್ಲ, ಆದರೆ ಬಂತು.

ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಸ್ಪೈರಲ್ ಪುಸ್ತಕ ಬಿಡಿಸಿ ಅವಳ ಮುಂದಿಟ್ಟೆ. “ನೋಡು. ಈ ಉಬ್ಬು ನಾನು ಹಾಕಿದ್ದು. ಅಳೆಯದೇ ಬರೆದಿದ್ದು. ಸುಳ್ಳು. ನೀನು ಮೊದಲು ಬರೆದಿದ್ದೇ ಸರಿ. ಅದೆಲ್ಲಿ?”

ಅವಳು ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಬಾಗಿಲ ಕಡೆ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ತರಕಾರಿ ತಕ್ಕಡಿಯ ತಳ ನೋಡುವಾಗ ನನ್ನ ಮುಖದಲ್ಲಿ ಇರುತ್ತದಲ್ಲ, ಅದೇ.

“ಇಲ್ಲ ಮೇಡಂ, ನಂಗೆ ನಿಜವಾಗ್ಲೂ ಉಬ್ಬು ಬಂತು. ಮೊದಲನೇದು ತಪ್ಪಾಗಿತ್ತು. ಹರಿದು ಹಾಕ್ದೆ.”

“ಕಂಪ್ಲೇಂಟ್ ವಾಪಸ್ ತಗೊಂಡಿದ್ದೀನಿ ಕಣಮ್ಮಾ. ನಿನಗೆ ಏನೂ ಆಗಲ್ಲ.”

“ಥ್ಯಾಂಕ್ಸ್ ಮೇಡಂ. ಆದ್ರೆ ಉಬ್ಬು ಬಂತು ಮೇಡಂ.”

ಇನ್ನು ಮಾತಿನಿಂದ ಆಗುವುದಿಲ್ಲ ಎಂದು ತಿಳಿಯಿತು. ಎದ್ದು ಅವಳ ಬೆಂಚಿಗೇ ಹೋದೆ. ಹುಡುಗರು ಕೂರುವ ಸ್ಟೂಲಿನ ಮೇಲೆ ಕುಳಿತು, ಕನ್ನಡಕ ಏರಿಸಿಕೊಂಡು ಸರ್ಕ್ಯೂಟ್ ಜೋಡಿಸಿದೆ. ಹನ್ನೊಂದು ವರ್ಷದ ಮೇಲೆ ನನ್ನ ಕೈಯಾರೆ. ಒಂದು ತಂತಿಯನ್ನು ತಪ್ಪು ತೂತಿಗೆ ಹಾಕಿ ಮತ್ತೆ ಕಿತ್ತು ಸರಿಮಾಡಿದೆ. ಅವಳ ಕೈಗೆ ಖಾಲಿ ಹಾಳೆ, ಪೆನ್ಸಿಲು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

“ನಾನು ಓದ್ತೀನಿ, ನೀನು ಬರ್ಕೋ. ನೂರು, 1.98.”

ಬರೆದಳು.

“ಮುನ್ನೂರು, 1.85. ಐನೂರು, 1.64.”

ಬರೆದಳು. ಬಾಗಿಲಲ್ಲಿ ಮರೆಪ್ಪ ಬಂದು ನಿಂತ. ನಾನು ಗುಂಡಿ ತಿರುಗಿಸಿ ಏಳುನೂರಕ್ಕೆ ತಂದೆ. ಪರದೆಯ ಮೇಲಿನ ಅಂಕಿ ಒಂದು ಕ್ಷಣ ಓಲಾಡಿ ನಿಂತಿತು.

“ಏಳುನೂರು, 1.44.”

ಪೆನ್ಸಿಲ್ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಿದೆ. ಪೆನ್ಸಿಲ್ ಹಾಳೆಯ ಮೇಲೆ ಹಾಗೇ ನಿಂತಿತ್ತು. ಅವಳು ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

“ಯಾವುದು ಬರೀಲಿ ಮೇಡಂ?”

“ನನ್ನ ಮುಖ ನೋಡಬೇಡ, ಅಲ್ಲಿ ನೋಡಿ ಬರಿ,” ಎಂದೆ.

ಅವಳು ಪರದೆಯ ಕಡೆ ನೋಡಿದಳು. ಆಮೇಲೆ ಮತ್ತೆ ನನ್ನ ಮುಖ ನೋಡಿದಳು.